ಕೈಯಲ್ಲಿರುವುದು ಹತ್ತೇ ಎಲೆ

ಮೊದಲ ಸುತ್ತನ್ನು ನಾನು 54–19ರಿಂದ ಗೆದ್ದಿದ್ದೆ. ಕೈಗೆ ಬಂದ ಹತ್ತು ಎಲೆಗಳಲ್ಲಿ ಎಂಟನ್ನು ಒಂದರ ಹಿಂದೊಂದು ಹಾಕಿ, ತೆರೆಯ ಮೇಲೆ ಅಂಕ ಏರುವುದನ್ನು ನೋಡುತ್ತ ಹಿಗ್ಗಿದ್ದೆ. ಎದುರಾಳಿ ನಾಲ್ಕೇ ಎಲೆ ಹಾಕಿ ಸುಮ್ಮನಾಗಿದ್ದ. ದೀಪಾವಳಿ ರಜೆಗೆ ಬಂದಿದ್ದ ಅಕ್ಕನ ಮಗ ಪಕ್ಕದಲ್ಲೇ ಕೂತಿದ್ದ. ‘ಮಾಮ, ಅಂಕ ನೋಡ್ಬೇಡಿ, ಕೈ ನೋಡ್ಕೊಳ್ಳಿ. ನಿಮ್ಮ ಹತ್ರ ಎರಡು ಎಲೆ ಇದೆ, ಅವನ ಹತ್ರ ಆರು’ ಎಂದ. ಅವನ ಮಾತು ತಲೆಗೆ ಇಳಿಯುವಷ್ಟರಲ್ಲಿ ಉಳಿದೆರಡು ಸುತ್ತುಗಳೂ ಕೈಬಿಟ್ಟು ಹೋಗಿದ್ದವು.

ಅಂಕ ನೋಡಬೇಡಿ, ಕೈ ನೋಡಿಕೊಳ್ಳಿ. ಗ್ವೆಂಟ್ ಎಂಬ ಆಟದ ಜೀವಾಳ ಆ ಹುಡುಗನ ಈ ಮಾತಿನಲ್ಲೇ ಇದೆ ಎಂದು ಆಮೇಲೆ ಎಷ್ಟೋ ಆಟ ಆಡಿದ ಮೇಲೆ ನನಗೆ ಮನವರಿಕೆಯಾಯಿತು. ವಿಡಿಯೊ ಗೇಮ್ ಎಂದರೆ ಗುಂಡು ಹಾರಿಸುವುದು, ಕತ್ತಿ ಬೀಸುವುದು ಎಂದುಕೊಂಡವರಿಗೂ, ಮನೆಯ ಮಕ್ಕಳು ಗಂಟೆಗಟ್ಟಲೆ ತೆರೆಯ ಮುಂದೆ ಏನು ಮಾಡುತ್ತಾರೆಂದು ತಿಳಿಯಬಯಸುವ ಹಿರಿಯರಿಗೂ ಈ ಆಟವನ್ನು ಪರಿಚಯಿಸಬೇಕೆಂದು ಈ ಬರಹ. ಇಸ್ಪೀಟು ಹಿಡಿದು ಗೊತ್ತಿರುವ ಯಾರಿಗಾದರೂ ಇದು ಅರ್ಧ ಗಂಟೆಯಲ್ಲಿ ಬರುತ್ತದೆ. ಚೆನ್ನಾಗಿ ಆಡಲು ಮಾತ್ರ ಒಂದು ಹಳೆಯ ಅಭ್ಯಾಸವನ್ನು ಬಿಡಬೇಕಾಗುತ್ತದೆ.

ಆಟದೊಳಗೊಂದು ಆಟ

ಪೋಲೆಂಡಿನ ರಾಜಧಾನಿ ವಾರ್ಸಾದ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆ 2015ರ ಮೇ 19ರಂದು ‘ದ ವಿಚರ್ 3: ವೈಲ್ಡ್ ಹಂಟ್’ ಎಂಬ ವಿಡಿಯೊ ಗೇಮ್ ಹೊರತಂದಿತು. ಪೋಲಿಷ್ ಕಾದಂಬರಿಕಾರ ಆಂಜೆಯ್ ಸಾಪ್ಕೋವ್ಸ್ಕಿ ಕಟ್ಟಿದ ಕಲ್ಪನಾಲೋಕ ಅದರ ಹಿನ್ನೆಲೆ. ಕೂಲಿ ಪಡೆದು ರಾಕ್ಷಸರನ್ನು ಕೊಲ್ಲುವ ಗೆರಾಲ್ಟ್ ಅದರ ನಾಯಕ. ಸಾಕುಮಗಳು ಸಿರಿಯನ್ನು ಹುಡುಕಿಕೊಂಡು ಯುದ್ಧದಲ್ಲಿ ಬೆಂದ ಹಳ್ಳಿಗಳನ್ನೂ ನಗರಗಳನ್ನೂ ಅವನು ಸುತ್ತುತ್ತಾನೆ. 2023ರ ಹೊತ್ತಿಗೆ ಈ ಗೇಮ್‌ನ 5 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಆ ದೊಡ್ಡ ಕಥೆಯ ನಡುವೆ, ಹಳ್ಳಿಯ ಹೆಂಡದಂಗಡಿಯಲ್ಲಿ, ಕಮ್ಮಾರನ ಸಾಲೆಯಲ್ಲಿ, ಸಿರಿವಂತರ ಮಹಲಿನಲ್ಲಿ ಜನ ಕೂತು ಆಡುವ ಎಲೆಯಾಟವೇ ಗ್ವೆಂಟ್. ಹೆಸರು ಹುಟ್ಟಿದ್ದು ಸಾಪ್ಕೋವ್ಸ್ಕಿಯ ಕಾದಂಬರಿಯಲ್ಲೇ. ಅಲ್ಲಿ ಜೋಲ್ಟಾನ್ ಚಿವೇ ಮತ್ತವನ ಸಂಗಡಿಗರಾದ ಕುಳ್ಳರು ದಾರಿಯ ಬಿಡಾರಗಳಲ್ಲಿ ಇದನ್ನು ಆಡುತ್ತಾರೆ. ಪುಸ್ತಕದಲ್ಲಿರುವ ಆಟದ ರೀತಿಯೇ ಬೇರೆ. ತೆರೆಯ ಮೇಲೆ ಇಂದು ನಾವು ಆಡುವ ಗ್ವೆಂಟನ್ನು ಸಂಸ್ಥೆಯ ಡೇಮಿಯನ್ ಮೊನಿಯೆ ಮತ್ತು ರಫಾವ್ ಯಾಕಿ ರೂಪಿಸಿದರು. 2007ರ ಮತ್ತು 2011ರ ಮೊದಲೆರಡು ವಿಚರ್ ಗೇಮ್‌ಗಳಲ್ಲಿ ಈ ಜಾಗದಲ್ಲಿ ದಾಳದ ಪೋಕರ್ ಇತ್ತು. ದಾಳ ಉರುಳಿಸಿದ ಮೇಲೆ ಆಡುವವನ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಗ್ವೆಂಟ್ ಬಂದ ಮೇಲೆ ಅದೃಷ್ಟದ ಪಾಲು ಎಲೆ ಹಂಚುವಲ್ಲಿಗೆ ಬಹುಪಾಲು ಮುಗಿದು, ಅಲ್ಲಿಂದ ಮುಂದೆ ನಿರ್ಧಾರಗಳೇ ಆಟವಾದವು.

ಮಣೆ, ಸಾಲು, ಸುತ್ತು

ಗ್ವೆಂಟ್ ಎಂದರೆ ಎರಡು ಸೈನ್ಯಗಳ ಮುಖಾಮುಖಿ. ಇಬ್ಬರು ಆಟಗಾರರು, ನಡುವೆ ಒಂದು ಮಣೆ. ಮಣೆಯ ಮೇಲೆ ಪ್ರತಿಯೊಬ್ಬರಿಗೂ ಮೂರು ಸಾಲು. ಮುಂದಿನದು ಕತ್ತಿ ಹಿಡಿದು ಕೈ ಕೈ ಮಿಲಾಯಿಸುವವರದು, ನಡುವಿನದು ಬಿಲ್ಲುಗಾರರು ಮತ್ತು ಮಾಂತ್ರಿಕರದು, ಹಿಂದಿನದು ಕೋಟೆ ಒಡೆಯುವ ಕವಣೆಯಂತ್ರಗಳದು. ಸೈನಿಕರ ಎಲೆಯ ಮೂಲೆಯಲ್ಲಿ ಅದರ ಬಲವನ್ನು ಹೇಳುವ ಒಂದು ಅಂಕಿ ಇರುತ್ತದೆ. ಯಾವ ಸಾಲಿಗೆ ಸೇರಬೇಕೆಂಬ ಗುರುತೂ ಇರುತ್ತದೆ. ಮೂರೂ ಸಾಲುಗಳ ಬಲ ಕೂಡಿದಾಗ ಯಾರದು ಹೆಚ್ಚೋ ಆ ಸುತ್ತು ಅವರದು. ಮೂರು ಸುತ್ತುಗಳಲ್ಲಿ ಎರಡು ಗೆದ್ದವರಿಗೆ ಆಟ. ಪ್ರತಿಯೊಬ್ಬರ ಮುಂದೆ ಎರಡು ಹರಳುಗಳಿರುತ್ತವೆ, ಸುತ್ತು ಸೋತಾಗಲೊಂದು ಒಡೆಯುತ್ತದೆ. ಅಂಕ ಸಮವಾದರೆ ಇಬ್ಬರದೂ ಒಂದೊಂದು ಹೋಗುತ್ತದೆ.

ಆಟ ಶುರುವಾಗುವಾಗ ಕಟ್ಟಿನಿಂದ ಹತ್ತು ಎಲೆ ಕೈಗೆ ಬರುತ್ತವೆ. ಹಿಡಿಸದ ಎರಡನ್ನು ಬದಲಿಸಿಕೊಳ್ಳಬಹುದು. ನಾಣ್ಯ ಚಿಮ್ಮಿ ಮೊದಲು ಯಾರೆಂದು ನಿರ್ಧರಿಸಲಾಗುತ್ತದೆ. ಸರದಿ ಬಂದಾಗ ಮಾಡಬಹುದಾದದ್ದು ಮೂರೇ ಕೆಲಸ: ಒಂದು ಎಲೆ ಹಾಕುವುದು, ನಿಮ್ಮ ಸೈನ್ಯದ ದಳಪತಿಗೆ ಇಡೀ ಆಟಕ್ಕೊಮ್ಮೆ ಮಾತ್ರ ಸಿಗುವ ವಿಶೇಷ ಶಕ್ತಿಯನ್ನು ಬಳಸುವುದು, ಇಲ್ಲವೇ ಪಾಸ್ ಎನ್ನುವುದು. ಪಾಸ್ ಎಂದಮೇಲೆ ಆ ಸುತ್ತಿನಲ್ಲಿ ಮತ್ತೆ ಎಲೆ ಹಾಕುವಂತಿಲ್ಲ. ಎದುರಾಳಿ ಮಾತ್ರ ತನಗೆ ಬೇಕಾದಷ್ಟು ಮುಂದುವರಿಯಬಹುದು.

ರಮ್ಮಿ ಆಡುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರಮ್ಮಿಯಲ್ಲಿ ಪ್ರತಿ ಸರದಿಗೂ ಒಂದು ಎಲೆ ಎತ್ತುತ್ತೇವೆ, ಒಂದನ್ನು ಇಳಿಸುತ್ತೇವೆ. ಕೈ ಎಂದೂ ಬರಿದಾಗುವುದಿಲ್ಲ. ಗ್ವೆಂಟಿನಲ್ಲಿ ಎತ್ತುವ ಪದ್ಧತಿಯೇ ಇಲ್ಲ. ಹತ್ತು ಎಲೆ ಬಂದವು, ಮೂರು ಸುತ್ತಿಗೂ ಅವೇ. ಸುತ್ತು ಮುಗಿದೊಡನೆ ಮಣೆಯ ಮೇಲಿದ್ದದ್ದೆಲ್ಲ ಸತ್ತ ಎಲೆಗಳ ರಾಶಿಗೆ ಹೋಗುತ್ತದೆ, ಹೊಸ ಎಲೆ ಬರುವುದಿಲ್ಲ. ಒಂದು ಅಂಕದಿಂದ ಗೆದ್ದರೂ ಅದು ಗೆಲುವೇ, ಐವತ್ತು ಅಂಕದಿಂದ ಗೆದ್ದರೂ ಅಷ್ಟೇ ಗೆಲುವು. ಹಾಗಿದ್ದಮೇಲೆ ಒಂದರಿಂದ ಗೆಲ್ಲಬಹುದಾದ ಕಡೆ ಐವತ್ತರಿಂದ ಗೆದ್ದವನು ನಲವತ್ತೊಂಬತ್ತು ಅಂಕಗಳಷ್ಟು ಸೈನ್ಯವನ್ನು ಸುಮ್ಮನೆ ಮಣ್ಣುಪಾಲು ಮಾಡಿದ ಎಂದಾಯಿತು. ಮೊದಲ ದಿನ ನಾನು ಮಾಡಿದ್ದು ಅದನ್ನೇ.

ಶತ್ರುವಿಗೆ ಕೊಟ್ಟು ಪಡೆಯುವುದು

ಬರೀ ಅಂಕಿ ಕೂಡುವುದಾಗಿದ್ದರೆ ಇದು ಮಗ್ಗಿಯ ಅಭ್ಯಾಸವಾಗುತ್ತಿತ್ತು. ಎಲೆಗಳ ವಿಶೇಷ ಗುಣಗಳು ಇದನ್ನು ಆಟವಾಗಿಸಿವೆ. ಎಲ್ಲಕ್ಕಿಂತ ಸೊಗಸಾದದ್ದು ಗೂಢಚಾರನ ಎಲೆ. ಅದನ್ನು ನಿಮ್ಮ ಸಾಲಿನಲ್ಲಿ ಇಡುವಂತಿಲ್ಲ, ಎದುರಾಳಿಯ ಸಾಲಿನಲ್ಲಿ ಇಡಬೇಕು. ಅದರ ಬಲ ಅವನ ಲೆಕ್ಕಕ್ಕೇ ಸೇರುತ್ತದೆ. ಪ್ರತಿಯಾಗಿ ನಿಮ್ಮ ಕಟ್ಟಿನಿಂದ ಎರಡು ಎಲೆ ಕೈಗೆ ಬರುತ್ತವೆ. ಉತ್ತರದ ರಾಜ್ಯಗಳ ಪಡೆಯಲ್ಲಿ ಸಿಗಿಸ್ಮಂಡ್ ಡೈಕ್‌ಸ್ಟ್ರಾ ಎಂಬ ಗೂಢಚಾರನಿದ್ದಾನೆ. ಅವನನ್ನು ಹಾಕಿದರೆ ಎದುರಾಳಿಗೆ 4 ಅಂಕ ದಾನ. ಯುವರಾಜ ಸ್ಟೆನ್ನಿಸ್‌ನನ್ನು ಹಾಕಿದರೆ 5. ಹೊಸದಾಗಿ ಆಡುವವರಿಗೆ ಇದು ನಷ್ಟದ ವ್ಯಾಪಾರ ಎನಿಸುತ್ತದೆ. ಎಲೆ ಎತ್ತುವ ದಾರಿಯೇ ಇಲ್ಲದ ಆಟದಲ್ಲಿ ಒಂದು ಕೊಟ್ಟು ಎರಡು ಪಡೆಯುವುದಕ್ಕಿಂತ ದೊಡ್ಡ ಲಾಭವಿಲ್ಲ ಎಂಬುದು ತಿಳಿದ ದಿನ ನೀವು ಗ್ವೆಂಟ್ ಕಲಿತಿರಿ. ಇಲ್ಲಿ ಅಂಕ ಅಗ್ಗ, ಎಲೆ ದುಬಾರಿ.

ಗೂಢಚಾರನ ಜೊತೆಗಾರ ಡೆಕಾಯ್. ಇದು ಹುಲ್ಲು ತುಂಬಿದ ಬೆರ್ಚಪ್ಪನಂಥ ಬೊಂಬೆ. ಮಣೆಯಲ್ಲಿ ನಿಮ್ಮ ಕಡೆಯಿರುವ ಒಂದು ಎಲೆಯ ಜಾಗಕ್ಕೆ ಇದನ್ನು ನಿಲ್ಲಿಸಿ ಆ ಎಲೆಯನ್ನು ಕೈಗೆ ತೆಗೆದುಕೊಳ್ಳಬಹುದು. ಎದುರಾಳಿ ನಿಮ್ಮ ಸಾಲಿಗೆ ತನ್ನ ಗೂಢಚಾರನನ್ನು ಕಳಿಸಿದನೆನ್ನಿ. ಡೆಕಾಯ್ ಇಟ್ಟು ಅವನನ್ನು ಎತ್ತಿಕೊಳ್ಳಿ, ಮುಂದಿನ ಸರದಿಯಲ್ಲಿ ಎದುರಾಳಿಯ ಕಡೆಗೇ ಕಳಿಸಿ. ಅವನ ಗೂಢಚಾರನಿಂದಲೇ ನಿಮಗೆ ಎರಡು ಎಲೆ.

ಬಲ ಹೆಚ್ಚಿಸುವ ಎಲೆಗಳಲ್ಲಿ ಟೈಟ್ ಬಾಂಡ್ ಗುಣದವು ಮುಖ್ಯ. ಒಂದೇ ಹೆಸರಿನವರು ಒಂದೇ ಸಾಲಿನಲ್ಲಿ ಸೇರಿದರೆ, ಎಷ್ಟು ಮಂದಿ ಇದ್ದಾರೋ ಅಷ್ಟು ಪಟ್ಟು ಪ್ರತಿಯೊಬ್ಬರ ಬಲ ಏರುತ್ತದೆ. ಬ್ಲೂ ಸ್ಟ್ರೈಪ್ಸ್ ಕಮಾಂಡೊ ಒಬ್ಬನಿದ್ದರೆ 4. ಇಬ್ಬರಾದರೆ ತಲಾ 8, ಒಟ್ಟು 16. ಮೂವರಾದರೆ ತಲಾ 12, ಒಟ್ಟು 36. ಎರಡು ಕ್ಯಾಟಪಲ್ಟ್ ಕವಣೆಗಳು ಒಂದೊಂದೂ 8ರಂತೆ 16 ಆಗಬೇಕಿದ್ದವು, ಜೊತೆಯಾದಾಗ 32 ಆಗುತ್ತವೆ. ಅದರ ಮೇಲೆ ಕಮಾಂಡರ್ಸ್ ಹಾರ್ನ್ ಎಂಬ ಕಹಳೆ ಊದಿದರೆ ಆ ಸಾಲೇ ಎರಡರಷ್ಟಾಗಿ 64. ಒಗ್ಗಟ್ಟಿನ ಲೆಕ್ಕ ಕೂಡುವುದರದ್ದಲ್ಲ, ಗುಣಿಸುವುದರದ್ದು.

ಮಸ್ಟರ್ ಗುಣದ ಎಲೆ ಒಂದನ್ನು ಹಾಕಿದರೆ, ಕಟ್ಟಿನಲ್ಲಿರುವ ಅದರ ಬಳಗವೆಲ್ಲ ತಾನಾಗಿ ಮಣೆಗೆ ಬರುತ್ತದೆ. ರಾಕ್ಷಸರ ಪಡೆಯ ಮೂವರು ಮುದಿ ಮಾಟಗಾತಿಯರು ಹೀಗೆ ಒಬ್ಬಳ ಹಿಂದೆ ಇನ್ನಿಬ್ಬರಾಗಿ ಬರುತ್ತಾರೆ, ತಲಾ 6ರಂತೆ ಒಂದೇ ಸರದಿಯಲ್ಲಿ 18 ಅಂಕ. ವೈದ್ಯನ ಎಲೆ ಸತ್ತ ರಾಶಿಯಿಂದ ಒಬ್ಬ ಸೈನಿಕನನ್ನು ಎಬ್ಬಿಸಿ ಮಣೆಗೆ ತರುತ್ತದೆ. ಹಾಗಾಗಿ ವೈದ್ಯನನ್ನು ಮೊದಲ ಸುತ್ತಿನ ಆರಂಭದಲ್ಲೇ ಹಾಕುವುದು ಹುಂಬತನ, ಎಬ್ಬಿಸಲು ಆಗಿನ್ನೂ ಯಾರೂ ಸತ್ತಿರುವುದಿಲ್ಲ.

ಮಳೆ, ಮಂಜು, ಬೆಂಕಿ

ಕಟ್ಟಿದ್ದನ್ನು ಕೆಡವುವ ಎಲೆಗಳೂ ಇವೆ. ಹಿಮ ಸುರಿದರೆ ಮುಂದಿನ ಸಾಲು, ದಟ್ಟ ಮಂಜು ಕವಿದರೆ ಬಿಲ್ಲುಗಾರರ ಸಾಲು, ಜಡಿಮಳೆ ಹಿಡಿದರೆ ಕವಣೆಗಳ ಸಾಲು ನಡುಗುತ್ತದೆ. ಆ ಸಾಲಿನ ಪ್ರತಿ ಸೈನಿಕನ ಮೂಲ ಬಲ 1ಕ್ಕೆ ಇಳಿಯುತ್ತದೆ. ಮೂವರು ಕಮಾಂಡೊಗಳ 36 ಅಂಕ ಹಿಮ ಬಿದ್ದೊಡನೆ 9 ಆಗುತ್ತದೆ. ಹವಾಮಾನಕ್ಕೆ ಪಕ್ಷಪಾತವಿಲ್ಲ, ಎರಡೂ ಕಡೆಯ ಸಾಲು ಒಟ್ಟಿಗೇ ಸೊರಗುತ್ತವೆ. ಆದ್ದರಿಂದ ಎದುರಾಳಿ ಒಂದೇ ಸಾಲಿನಲ್ಲಿ ಪೇರಿಸುತ್ತ ಹೋಗಲಿ ಎಂದು ಕಾದು, ನಿಮ್ಮ ಅದೇ ಸಾಲು ಖಾಲಿಯಿರುವಾಗ ಹವಾಮಾನದ ಎಲೆ ಹಾಕಬೇಕು. ಅವನು ಅದೇ ಕೆಲಸವನ್ನು ನಿಮಗೆ ಮಾಡುತ್ತಾನೆಂಬ ಅನುಮಾನ ಬಂದರೆ ಬಲವನ್ನು ಮೂರೂ ಸಾಲುಗಳಿಗೆ ಹಂಚಬೇಕು. ಮೋಡ ಸರಿಸಿ ಬಿಸಿಲು ತರುವ ಎಲೆಯೂ ಒಂದಿದೆ. ಕೈಯಲ್ಲಿದ್ದರೆ ಧೈರ್ಯ.

ಸ್ಕಾರ್ಚ್ ಎಂಬ ಬೆಂಕಿಯ ಎಲೆ ಇನ್ನೂ ನಿರ್ದಯಿ. ಇಡೀ ಮಣೆಯಲ್ಲಿ ಅತಿ ಹೆಚ್ಚು ಬಲವಿರುವ ಎಲೆ ಯಾರದ್ದೇ ಆಗಿರಲಿ, ಅದನ್ನು ಸುಡುತ್ತದೆ. ಒಂದೇ ಬಲದವು ಹಲವಿದ್ದರೆ ಅಷ್ಟನ್ನೂ ಸುಡುತ್ತದೆ. ತಲಾ 12ರ ಆ ಮೂವರು ಕಮಾಂಡೊಗಳು ಒಂದೇ ಏಟಿಗೆ ಬೂದಿ. ವಿಲೆಂಟ್ರೆಟೆನ್‌ಮರ್ತ್ ಎಂಬ ಡ್ರ್ಯಾಗನ್ ಎಲೆ ಇದೇ ಕೆಲಸವನ್ನು ಎದುರಾಳಿಯ ಮುಂದಿನ ಸಾಲಿಗೆ ಮಾತ್ರ ಮಾಡುತ್ತದೆ, ಆ ಸಾಲಿನ ಮೊತ್ತ 10 ಮುಟ್ಟಿರಬೇಕು ಅಷ್ಟೆ. ಹೊಳೆಯುವ ಅಂಚಿನ ಹೀರೋ ಎಲೆಗಳಿಗೆ ಮಾತ್ರ ಹಿಮವೂ ತಟ್ಟದು, ಬೆಂಕಿಯೂ ತಾಗದು. 15ರ ಬಲದ ಗೆರಾಲ್ಟ್ ಮತ್ತು ಸಿರಿ ಅಂಥವರು. ಆ ರಕ್ಷಣೆಗೆ ಬೆಲೆಯೂ ಇದೆ. ಕಹಳೆ ಊದಿದರೆ ಅವರ ಬಲ ಏರುವುದಿಲ್ಲ, ಸತ್ತರೆ ವೈದ್ಯ ಅವರನ್ನು ಎಬ್ಬಿಸಲಾರ.

ಐದು ಪಡೆ, ಒಂದು ತೆಳ್ಳನೆಯ ಕಟ್ಟು

ಪಡೆಗಳು ಮೊದಲಿಗೆ ನಾಲ್ಕಿದ್ದವು, ಪ್ರತಿ ಪಡೆಗೂ ಒಂದು ಹುಟ್ಟುಗುಣ. ಉತ್ತರದ ರಾಜ್ಯಗಳು ಸುತ್ತು ಗೆದ್ದರೆ ಒಂದು ಎಲೆ ಹೆಚ್ಚಿಗೆ ಸಿಗುತ್ತದೆ. ನಿಲ್ಫ್‌ಗಾರ್ಡ್ ಸಾಮ್ರಾಜ್ಯಕ್ಕೆ ಅಂಕ ಸಮವಾದರೂ ಗೆಲುವು. ಸ್ಕೋಯಾಟೇಲ್ ಎಂಬ ಕಾಡಿನ ಬಂಡುಕೋರರು ಮೊದಲು ಯಾರು ಆಡಬೇಕೆಂಬುದನ್ನು ತಾವೇ ನಿರ್ಧರಿಸುತ್ತಾರೆ. ರಾಕ್ಷಸರಿಗೆ ಸುತ್ತು ಮುಗಿದಮೇಲೂ ಮಣೆಯಲ್ಲಿ ಯಾವುದಾದರೂ ಒಂದು ಎಲೆ ಉಳಿಯುತ್ತದೆ. 2016ರ ಮೇನಲ್ಲಿ ಬಂದ ‘ಬ್ಲಡ್ ಆ್ಯಂಡ್ ವೈನ್’ ಎಂಬ ಮುಂದುವರಿಕೆಯ ಜೊತೆ ಕಡಲದ್ವೀಪಗಳ ಸ್ಕೆಲ್ಲಿಗೆ ಐದನೆಯದಾಗಿ ಸೇರಿತು. ಮೂರನೆಯ ಸುತ್ತು ಶುರುವಾಗುವಾಗ ಸತ್ತ ರಾಶಿಯಿಂದ ಇಬ್ಬರು ಎದ್ದು ಬರುವುದು ಅವರ ವಿಶೇಷ. ಈ ಐದು ಗುಣಗಳನ್ನು ಮತ್ತೊಮ್ಮೆ ಓದಿ ನೋಡಿ. ನಿಲ್ಫ್‌ಗಾರ್ಡ್ ಮತ್ತು ಸ್ಕೋಯಾಟೇಲ್ ಬಿಟ್ಟರೆ ಉಳಿದ ಮೂರೂ ಕೊಡುವುದು ಒಂದನ್ನೇ: ಕೈಯಲ್ಲಿಯೋ ಮಣೆಯಲ್ಲಿಯೋ ಒಂದೆರಡು ಹೆಚ್ಚಿನ ಎಲೆ.

ಕಟ್ಟು ಕಟ್ಟುವುದು ಆಟದ ಅರ್ಧ ಕೆಲಸ. ಕಟ್ಟಿನಲ್ಲಿ ಸೈನಿಕರ ಎಲೆ ಕನಿಷ್ಠ 22 ಇರಬೇಕು. ಹವಾಮಾನ, ಕಹಳೆ, ಬೆಂಕಿಯಂಥ ವಿಶೇಷ ಎಲೆಗಳು 10ನ್ನು ಮೀರಬಾರದು. ಸೈನಿಕರಿಗೆ ಮೇಲ್ಮಿತಿಯಿಲ್ಲ. ಆದ್ದರಿಂದ ಹೊಸಬರು ಸಿಕ್ಕ ಎಲೆಗಳನ್ನೆಲ್ಲ ತುಂಬಿಕೊಳ್ಳುತ್ತಾರೆ, ಹೆಚ್ಚು ಸೈನ್ಯವಿದ್ದಷ್ಟೂ ಒಳ್ಳೆಯದಲ್ಲವೇ ಎಂದು. ಲೆಕ್ಕ ಬೇರೆಯೇ ಹೇಳುತ್ತದೆ. 25 ಎಲೆಗಳ ಕಟ್ಟಿನಲ್ಲಿ ನಿಮಗೆ ಬೇಕಾದ ಒಂದು ಎಲೆ ಮೊದಲ ಹತ್ತರಲ್ಲಿ ಬರುವ ಸಂಭವ ಶೇ 40. ಕಟ್ಟು 40 ಎಲೆಗೆ ಬೆಳೆದರೆ ಅದು ಶೇ 25ಕ್ಕೆ ಇಳಿಯುತ್ತದೆ. ಜೊತೆಯಾದರೆ ಮಾತ್ರ ಬಲ ಬರುವ ಕಮಾಂಡೊಗಳು ದಪ್ಪ ಕಟ್ಟಿನಲ್ಲಿ ಒಬ್ಬರನ್ನೊಬ್ಬರು ಕಾಣುವುದೇ ಅಪರೂಪ. 22ರ ಹತ್ತಿರವೇ ನಿಲ್ಲಿಸಿ. ದುರ್ಬಲ ಎಲೆಗಳನ್ನು ಮರುಕವಿಲ್ಲದೆ ತೆಗೆಯಿರಿ. ಪಡೆಯಲ್ಲಿರುವ ಗೂಢಚಾರರನ್ನೆಲ್ಲ ಸೇರಿಸಿ, ಒಂದೆರಡು ಡೆಕಾಯ್ ಇಡಿ. ದಳಪತಿಯನ್ನು ಕಟ್ಟಿಗೆ ಹೊಂದುವಂತೆ ಆರಿಸಿ. ಕವಣೆಗಳ ಸಾಲನ್ನು ನೆಚ್ಚಿದವರಿಗೆ ಆ ಸಾಲನ್ನು ಇಮ್ಮಡಿ ಮಾಡುವ ರಾಜ ಫೋಲ್ಟೆಸ್ಟ್ ಇದ್ದಾನೆ.

ಎದುರು ಕೂತ ಮನುಷ್ಯ

ಗೆರಾಲ್ಟ್‌ಗೆ ಆಟ ಮೊದಲು ಹೇಳಿಕೊಡುವವನು ವೈಟ್ ಆರ್ಚರ್ಡ್ ಎಂಬ ಹಳ್ಳಿಯ ಹೆಂಡದಂಗಡಿಯಲ್ಲಿ ಕೂತ ಒಬ್ಬ ವಿದ್ವಾಂಸ. ಅವನು ಕೊಡುವುದು ಸಾಧಾರಣ ಕಟ್ಟು. ಒಳ್ಳೆಯ ಎಲೆ ಬೇಕೆಂದರೆ ಊರೂರು ಅಲೆಯಬೇಕು. ಅಂಗಡಿಯವರು ಕೆಲವನ್ನು ಮಾರುತ್ತಾರೆ. ಉಳಿದವನ್ನು ವ್ಯಾಪಾರಿ, ಕಮ್ಮಾರ, ಹೆಂಡದಂಗಡಿಯವ ಹೀಗೆ ಸಿಕ್ಕವರೊಂದಿಗೆ ಆಡಿ ಗೆಲ್ಲಬೇಕು. ನೋವಿಗ್ರಾಡ್ ನಗರದಲ್ಲಿ ದೊಡ್ಡ ಪಂದ್ಯಾವಳಿಯೂ ನಡೆಯುತ್ತದೆ. ಅಲ್ಲಿನ ಸಿರಿವಂತರ ಮುಖವಾಡದ ಕೂಟದಲ್ಲಿ ಆಡುವ ಅವಕಾಶ ಕಥೆಯಲ್ಲಿ ಒಮ್ಮೆ ಮಾತ್ರ ಬರುತ್ತದೆ. ಎಲೆಗಳನ್ನೆಲ್ಲ ಕೂಡಿಸಬೇಕೆನ್ನುವವರು ಅದನ್ನು ತಪ್ಪಿಸಿಕೊಳ್ಳಬಾರದು.

ಡೈಕ್‌ಸ್ಟ್ರಾನ ಎಲೆ ಇರುವುದು ವೇಲೆನ್ ಸೀಮೆಯ ಬ್ಯಾರನ್‌ನ ಬಳಿ. ಕುಡಿತದಿಂದ, ಕೈ ಎತ್ತುವ ಚಾಳಿಯಿಂದ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡವನು ಅವನು. ಅವರನ್ನು ಹುಡುಕಿಕೊಡೆಂದು ಗೆರಾಲ್ಟ್‌ನನ್ನೇ ಬೇಡುತ್ತಾನೆ. ಅವನ ಕಥೆ ಈ ಗೇಮ್‌ನ ಅತ್ಯಂತ ನೋವಿನ ಭಾಗ. ಅಂಥವನ ಎದುರು ಕೂತು ಎಲೆ ಹಾಕುವಾಗ ನನಗೆ ಪ್ರತಿಸಲವೂ ಒಂದು ಬಗೆಯ ಭಾರ. ಕತ್ತಿ ಹಿಡಿದು ಓಡುವಾಗ ಆ ಲೋಕದ ಜನ ಒಂದೋ ಶತ್ರುಗಳು, ಇಲ್ಲವೇ ಕೆಲಸ ಹೇಳುವವರು. ಎಲೆ ಹಾಕಲು ಕೂತಾಗ ಮಾತ್ರ ಅವರು ಎದುರು ಕೂತ ಮನುಷ್ಯರಾಗುತ್ತಾರೆ. ಆಟದೊಳಗಿನ ಈ ಆಟವನ್ನು ಜನ ಇಷ್ಟು ಹಚ್ಚಿಕೊಂಡದ್ದಕ್ಕೆ ಅದೂ ಒಂದು ಕಾರಣವೆಂದು ನನ್ನ ನಂಬಿಕೆ.

ಹಚ್ಚಿಕೊಂಡದ್ದು ಎಷ್ಟೆಂದರೆ, ಬಿಡುವಿನ ಆಟವೆಂದು ಇಟ್ಟದ್ದು ಸ್ವಂತ ಕಾಲ ಮೇಲೆ ನಿಂತಿತು. ‘ಗ್ವೆಂಟ್: ದ ವಿಚರ್ ಕಾರ್ಡ್ ಗೇಮ್’ 2017ರಲ್ಲಿ ಎಲ್ಲರಿಗೂ ಆಡಲು ತೆರೆದುಕೊಂಡು 2018ರ ಅಕ್ಟೋಬರ್ 23ರಂದು ಪೂರ್ಣರೂಪದಲ್ಲಿ ಬಂತು. ಅದರಲ್ಲಿ ಮೂರು ಸಾಲುಗಳು ಎರಡಾದವು, ಸುತ್ತುಗಳ ನಡುವೆ ಎಲೆ ಎತ್ತುವುದೂ ಸೇರಿತು, ಎಷ್ಟೋ ನಿಯಮ ಬದಲಾದವು. 2023ರ ಕೊನೆಗೆ ಸಂಸ್ಥೆ ಹೊಸ ಎಲೆಗಳನ್ನು ಸೇರಿಸುವುದನ್ನು ನಿಲ್ಲಿಸಿ, ಇರುವ ಎಲೆಗಳ ಬಲಾಬಲವನ್ನು ತಿದ್ದುವ ಹಕ್ಕನ್ನು ಆಡುವವರ ಮತಕ್ಕೇ ಬಿಟ್ಟಿತು. ನನಗೆ ಹೆಚ್ಚು ಪ್ರೀತಿ 2015ರ ಹಳೆಯ ಗ್ವೆಂಟ್ ಮೇಲೆಯೇ. ಹತ್ತು ಎಲೆಯಲ್ಲಿ ಮೂರು ಸುತ್ತು ದಾಟಿಸಬೇಕೆಂಬ ಬಿಗಿ ಅದರಲ್ಲಿ ಚೊಕ್ಕವಾಗಿದೆ.

ಸೊನ್ನೆಗೆ ಪಾಸ್

ಇಷ್ಟನ್ನೂ ಒಂದೇ ಆಟದಲ್ಲಿ ಕಾಣಿಸುತ್ತೇನೆ. ಮೊದಲ ಸೋಲಾಗಿ ಹದಿನೈದು ದಿನ ಕಳೆದಿತ್ತು. ನೋವಿಗ್ರಾಡ್‌ನಲ್ಲಿ ಎದುರಾಳಿಯದು ನಿಲ್ಫ್‌ಗಾರ್ಡ್ ಪಡೆ, ನನ್ನದು ಉತ್ತರದ ರಾಜ್ಯಗಳು. ಮೊದಲ ಸರದಿ ನನ್ನದು.

ಡೈಕ್‌ಸ್ಟ್ರಾನನ್ನು ಅವನ ಸಾಲಿಗೆ ಕಳಿಸಿ ಎರಡು ಎಲೆ ಪಡೆದೆ. ಅವನೂ ತನ್ನ ಗೂಢಚಾರ ಶಿಲಾರ್ಡ್‌ನನ್ನು ನನ್ನ ಸಾಲಿಗೆ ಕಳಿಸಿ ಎರಡು ಎಲೆ ಎತ್ತಿಕೊಂಡ. ಡೆಕಾಯ್ ಇಟ್ಟು ನಾನು ಶಿಲಾರ್ಡ್‌ನನ್ನು ಕೈಗೆ ತೆಗೆದುಕೊಂಡೆ. ಅವನು 10ರ ಬಿಲ್ಲುಗಾರನನ್ನು ನಿಲ್ಲಿಸಿದ. ಶಿಲಾರ್ಡ್‌ನನ್ನು ಅವನ ಕಡೆಗೇ ಮರಳಿಸಿ ನಾನು ಇನ್ನೆರಡು ಎಲೆ ಪಡೆದೆ. ಅವನು 6ರ ಮಾಂತ್ರಿಕಳನ್ನು ಇಟ್ಟ. ಈಗ ಅವನ ಮೊತ್ತ 4, 10, 7, 6 ಕೂಡಿ 27. ನನ್ನದು ಸೊನ್ನೆ. ನಾನು ಪಾಸ್ ಎಂದೆ. ಅವನೂ ನಿಲ್ಲಿಸಿದ. ಒಂದು ಹರಳು ಒಡೆಯಿತು. ನನ್ನ ಕೈಯಲ್ಲಿ 12 ಎಲೆಗಳಿದ್ದವು, ಅವನ ಕೈಯಲ್ಲಿ 9.

ಅಂಕಪಟ್ಟಿ ಮಾತ್ರ ನೋಡುವವರಿಗೆ ಇದು ಸೋಲು. ಮುಂದಿನ ಎರಡೂ ಸುತ್ತು ಗೆಲ್ಲಲೇಬೇಕಾದ ಸ್ಥಿತಿಯೂ ಹೌದು. ಆದರೆ ಅವನಿಗಿಂತ ಮೂರು ಸಲ ಹೆಚ್ಚು ಆಡುವ ಹಕ್ಕು ನನ್ನ ಕೈಯಲ್ಲಿತ್ತು. ಎರಡನೆಯ ಸುತ್ತಿನಲ್ಲಿ ಎರಡು ಕವಣೆ, ಇಬ್ಬರು ಕಮಾಂಡೊಗಳನ್ನು ಇಳಿಸಿದೆ, 32 ಮತ್ತು 16 ಸೇರಿ 48. ಅವನು ಮೂರು ಎಲೆ ಸುರಿದು 25ಕ್ಕೆ ತಲುಪಿ ಕೈಬಿಟ್ಟ. ನನ್ನಲ್ಲಿ 8 ಉಳಿದವು. ಗೆದ್ದದ್ದಕ್ಕೆ ನನ್ನ ಪಡೆಯ ಹುಟ್ಟುಗುಣದಿಂದ ಒಂದು ಬಂದು 9 ಆಯಿತು. ಅವನಲ್ಲಿ 6.

ಈ ಆಟದಲ್ಲಿ ಎಲ್ಲಿ ಪಾಸ್ ಎನ್ನಬೇಕು ಎಂಬುದಕ್ಕೆ ಸೂತ್ರವಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಈ ಸುತ್ತನ್ನು ಗೆಲ್ಲಲು ಇನ್ನೆಷ್ಟು ಎಲೆ ಬೇಕು? ಅಷ್ಟು ಹಾಕಿದರೆ ಮುಂದಿನದಕ್ಕೆ ಏನು ಉಳಿಯುತ್ತದೆ? ನಾನು ಈಗ ನಿಲ್ಲಿಸಿದರೆ ನನ್ನನ್ನು ದಾಟಲು ಅವನು ಎಷ್ಟು ಎಲೆ ಸುಡಬೇಕಾಗುತ್ತದೆ? ಮೂರನೆಯ ಪ್ರಶ್ನೆಯನ್ನು ಮರೆಯಬೇಡಿ. ಸೋಲುವ ಸುತ್ತಿಗೂ ಬೆಲೆ ಕಟ್ಟಿಸಬಹುದು. ಕಂಪ್ಯೂಟರ್ ನಡೆಸುವ ಎದುರಾಳಿಗಳು ಮುಂದಿದ್ದರೂ ಒಂದೆರಡು ಎಲೆ ಹೆಚ್ಚಿಗೆ ಹಾಕಿಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರು ಹಾಕುತ್ತಿರುವಷ್ಟು ಹೊತ್ತು ನೀವು ಸುಮ್ಮನೆ ಕೂತಿರುವುದೇ ನಿಮ್ಮ ಆಟ.

ಈ ಸುಮ್ಮನೆ ಕೂರುವುದು ನನಗೆ ಕಷ್ಟವಾಗಿತ್ತು. ಕಣ್ಣೆದುರು ಹಿಂದೆ ಬಿದ್ದಿರುವಾಗ ಕೈಯಲ್ಲಿ ಒಳ್ಳೆಯ ಎಲೆ ಇಟ್ಟುಕೊಂಡು ಬಿಟ್ಟುಕೊಡುವುದು ಅಭ್ಯಾಸಕ್ಕೆ ವಿರುದ್ಧ. ಎಲ್ಲ ಸುತ್ತನ್ನೂ ಗೆಲ್ಲಬೇಕು, ಗೆಲ್ಲುವಾಗ ದೊಡ್ಡದಾಗಿ ಗೆಲ್ಲಬೇಕು ಎಂದೇ ಶಾಲೆಯ ದಿನಗಳಿಂದ ಕೇಳಿ ಬೆಳೆದಿದ್ದೇವೆ. ಬಿಡಬೇಕಾದ ಹಳೆಯ ಅಭ್ಯಾಸವೆಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ಬಿಟ್ಟುಕೊಡುವುದನ್ನು ಹೇಡಿತನವೆಂದು ತಿಳಿಯದೆ, ಎಲೆ ಹಾಕುವಷ್ಟೇ ತೂಕದ ಒಂದು ನಡೆಯೆಂದು ತಿಳಿದವರಿಗೆ ಈ ಆಟ ಒಲಿಯುತ್ತದೆ.

ಮೂರನೆಯ ಸುತ್ತಿನಲ್ಲಿ ಅವನು ಜೋಡಿ ದೂತರನ್ನು ಮುಂದಿನ ಸಾಲಿಗೆ ತಂದ. 5ರ ಇಬ್ಬರು ಜೊತೆಯಾಗಿ 20. ನನ್ನ ಮುಂದಿನ ಸಾಲು ಖಾಲಿಯಿತ್ತು. ಹಿಮ ಸುರಿಸಿದೆ, 20 ಇದ್ದದ್ದು 4 ಆಯಿತು. ವೈದ್ಯೆಯನ್ನು ಹಾಕಿ ಸತ್ತ ರಾಶಿಯಿಂದ ಒಂದು ಕವಣೆಯನ್ನು ಎಬ್ಬಿಸಿದೆ. ಅವನು ಎಲೆಯ ಮೇಲೆ ಎಲೆ ಹಾಕುತ್ತ ಬಂದು ಆರನ್ನೂ ಮುಗಿಸಿದಾಗ ನಾನು ಮುಂದಿದ್ದೆ.

ಅಕ್ಕನ ಮಗ ಆಗ ಊರಿಗೆ ಮರಳಿದ್ದ. ಫೋನ್ ಮಾಡಿ ಹೇಳಿದೆ. ‘ಕೊನೆಗೆ ಎಷ್ಟಕ್ಕೆ ಗೆದ್ರಿ ಮಾಮ?’ ಎಂದು ಅವನು ಕೇಳಲಿಲ್ಲ. ‘ಕೈಯಲ್ಲಿ ಏನು ಉಳಿದಿತ್ತು?’ ಎಂದು ಕೇಳಿದ.

ಮೂರು ಎಲೆ ಉಳಿದಿದ್ದವು. ಅವುಗಳಲ್ಲೊಂದು 15ರ ಗೆರಾಲ್ಟ್. ಮೊದಲ ಸುತ್ತಿನಿಂದಲೂ ಕೈಯಲ್ಲೇ ಇದ್ದ ಅವನನ್ನು ಹಾಕುವ ಪ್ರಮೇಯ ಬರಲೇ ಇಲ್ಲ.